ಕೈ ತೊಳೆದು ಒಳಗೆ ಬನ್ನಿ

ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ಸೋದರಮಾವನನ್ನು ನೋಡಲು ಹೋಗಿದ್ದೆ. ಬಾಗಿಲ ಪಕ್ಕದ ಸ್ಯಾನಿಟೈಸರ್ ಬಾಟಲಿ ಒತ್ತಿ ಕೈಗೆ ಹಚ್ಚಿಕೊಂಡೆ. ಆ ಸ್ಪಿರಿಟ್ಟಿನ ವಾಸನೆಗೆ ದೊಡ್ಡವ್ವ ನೆನಪಾದಳು. ಕೆಲವರಿಗೆ ತೀರಿಹೋದವರು ಮಲ್ಲಿಗೆಯ ವಾಸನೆಗೆ ನೆನಪಾಗುತ್ತಾರಂತೆ. ನನಗೆ ಒದಗಿದ್ದು ಇದು.

ದೊಡ್ಡವ್ವ ಅಂದರೆ ನನ್ನವ್ವನ ಅಕ್ಕ, ನನ್ನನ್ನು ಸಾಕಿದವಳು. ಸಿದ್ದಾಪುರದಲ್ಲಿ ಯಾರು ದವಾಖಾನೆ ಸೇರಿದರೂ ಮೆತ್ತನ್ನ ಅನ್ನದ ಡಬ್ಬಿ ಹಿಡಿದು ಮಾತಾಡಿಸಲು ಹೊರಡುವಳು. ನೀವೂ ಅಂಥವರನ್ನು ನೋಡಿರುತ್ತೀರಿ. ಹಾಸಿಗೆಯ ಮೇಲೇ ಕೂತು, ರೋಗಿಯ ನೆತ್ತಿಯಿಂದ ಪಾದದವರೆಗೆ ಕೈಯಾಡಿಸಿದರೇ ಅವಳಿಗೆ ಸಮಾಧಾನ. ದೂರ ನಿಂತು ಮಾತಾಡಿಸುವವರನ್ನು ಕಂಡರೆ, "ಬಸ್‌ಸ್ಟ್ಯಾಂಡಿನ್ಯಾಗ ನಿಂತಂಗ ನಿಂತಾರ ನೋಡು" ಅನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು. ಜ್ವರ ಬಂದಾಗ ಮಾತ್ರ ಆ ಕೈಗಾಗಿ ಕಾಯುತ್ತಿದ್ದೆ.

ಅವಳೇ ಬಿದ್ದು ತೊಡೆಯ ಎಲುಬು ಮುರಿದುಕೊಂಡಾಗ ಕೊಪ್ಪಳದಲ್ಲಿ ಆಪರೇಷನ್ ಆಯಿತು. ಗಾಯ ಮಾಯಲಿಲ್ಲ, ಕೀವು ನಿಲ್ಲಲಿಲ್ಲ. ಡಾಕ್ಟರು ನನ್ನನ್ನು ಕರೆದು, "ಇದು ದವಾಖಾನಿಯೊಳಗ ಹತ್ತಿದ ಸೋಂಕು. ಈ ರೋಗಾಣು ನಮ್ಮ ಔಷಧಕ್ಕೆಲ್ಲಾ ಜಗ್ಗದಂಗ ಆಗೈತ್ರಿ. ಕೈಯಿಂದ ಕೈಗೆ ದಾಟತೈತಿ. ಬರುವಾಗ, ಹೋಗುವಾಗ ಕೈ ತೊಳಕೊಳ್ರಿ" ಎಂದರು. ಯಾರೂ ಬರಬಾರದು ಅನ್ನಲಿಲ್ಲ.

ಅವಳನ್ನು ಬೇರೆ ಕೋಣೆಗೆ ಹಾಕಿದರು. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿದಳು.

"ಊರಮಂದೀನೆಲ್ಲಾ ಮುಟ್ಟಿ ಮಾತಾಡ್ಸಿದಾಕಿ ನಾನು. ಈಗ ನನ್ನ ಮುಟ್ಟಿದವ್ರು ಕೈ ತೊಳಕೋಬೇಕೇನು? ಮೈಲಿಗಿ ಆದ್ನಲ್ಲೋ. ಯಾರೂ ನೋಡೂದು ಬ್ಯಾಡ. ಹುಬ್ಬಳ್ಳಿಗೆ ಕಳಿಸ್ಯಾರಂತ ಹೇಳಿಬಿಡು."

ಹಾಗಲ್ಲ ಎಂದು ಹೇಳಬೇಕಿತ್ತು. ಆದರೆ ಬಂದ ಬೀಗರು-ನೆಂಟರನ್ನು ನಲ್ಲಿಯ ಮುಂದೆ ನಿಲ್ಲಿಸಿ ಕೈ ತೊಳೆಯಿರಿ ಅನ್ನಲು ನನಗೂ ನಾಚಿಕೆ. ಊರಿಗೆ ಫೋನು ಮಾಡಿ ಅವಳು ಹೇಳಿದ ಹಾಗೇ ಹೇಳಿದೆ. ಹೇಳಿ ಹಗುರವೂ ಆದೆ.

ಅವಳ ತಮ್ಮ, ಈ ಸೋದರಮಾವ, ಅನ್ನದ ಡಬ್ಬಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದ. ಅಕ್ಕನ ಹೆಸರು ಕೇಳುತ್ತ ವಾರ್ಡು ವಾರ್ಡು ತಿರುಗಿದ. ಅತ್ತ ಅವನು ತಿರುಗುತ್ತಿದ್ದಾಗಲೇ ಇತ್ತ ಕೊಪ್ಪಳದಲ್ಲಿ ದೊಡ್ಡವ್ವ ಹೋಗಿಬಿಟ್ಟಳು. ಮಣ್ಣಿಗೆ ಬಂದಾಗಲೂ ಡಬ್ಬಿ ಅವನ ಕೈಯಲ್ಲಿತ್ತು. ಇದ್ದದ್ದನ್ನು ಹೇಳಿದೆ. ಅವನು ಬೈಯಲಿಲ್ಲ.

"ಕೈ ತೊಳಿ ಅಂದಿದ್ರ ತೊಳೀತಿದ್ದೆನಲ್ಲೋ. ಕೊಪ್ಪಳದಾಗ ನೀರಿಗೇನು ಬರ ಬಂದಿತ್ತೇನು?"

ಅಂದಿನಿಂದ ಎದುರಿಗೆ ಸಿಕ್ಕರೂ ಅವನ ಮುಖ ನೋಡುವುದು ತಪ್ಪಿಸುತ್ತ ಬಂದೆ.

ಈಗ ಮಾವನ ಹೊಟ್ಟೆಯ ಆಪರೇಷನ್ ಆಗಿದೆ. ಒಳಗೆ ಹೋಗಿ ಮಂಚದಿಂದ ದೂರವೇ ನಿಂತೆ.

"ಬಸ್‌ಸ್ಟ್ಯಾಂಡಿನ್ಯಾಗ ನಿಂತಂಗ ಯಾಕ ನಿಂತಿ? ಈ ಸಲ ಹುಬ್ಬಳ್ಳ್ಯಾಗಿಲ್ಲ, ಖರೇನ ಇಲ್ಲೇ ಅದೀನಿ."

ಹತ್ತಿರ ಹೋದೆ. ನೆತ್ತಿಯಿಂದ ಕೈಯಾಡಿಸಿದೆ, ಹೊಟ್ಟೆಯ ಪಟ್ಟಿ ಬಿಟ್ಟು, ಪಾದದವರೆಗೆ. "ಕೈ ಭಾಳ ಥಂಡಿ ಅದಾವು" ಅಂದು ಕಣ್ಣು ಮುಚ್ಚಿದ.

ಹೊರಡುವಾಗ ಬಾಗಿಲಲ್ಲಿ ಮತ್ತೆ ಬಾಟಲಿ ಒತ್ತಬೇಕಿತ್ತು. ತಿರುಗಿ ನೋಡಿದರೆ ಮಾವ ಕಣ್ಣು ತೆರೆದಿದ್ದ. ಬೆನ್ನು ತಿರುಗಿಸದೆ, ಅವನೆದುರೇ ನಿಂತು, ಬೆರಳ ಸಂದಿಯೆಲ್ಲ ತಿಕ್ಕಿ ಕೈ ತೊಳೆದುಕೊಂಡೆ.