ಡಬ್ಬಿ ತಾತನ ಅನುಮಾನ

"ಅಮ್ಮಾ, ಡಬ್ಬಿ ತಾತ ಯಾಕೆ ದಿನಾ ಮಾಮನ ಬೈಕಿನ ಕಿವಿ ಹಿಂಡ್ತಾರೆ? ಅದೇನು ತಪ್ಪು ಮಾಡ್ತು?"

ಕಿಟಕಿಯ ಸರಳು ಹಿಡಿದು ಕೆಳಗೆ ಇಣುಕುತ್ತಿದ್ದ ಪುಟ್ಟಿಯ ಪಕ್ಕಕ್ಕೆ ಬಂದು ಅಮ್ಮನೂ ಇಣುಕಿದಳು. ಮೂರು ವಾರದಿಂದ ಅವಳ ತಲೆಯನ್ನೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಕೆಳಗೆ ತಾತನ ರಿಪೇರಿ ಶೆಡ್ಡಿನಲ್ಲಿ ಅವಳ ತಮ್ಮನ ಬೈಕು ನಿಂತಲ್ಲೇ ನಿಂತಿತ್ತು. ತಾತ ದಿನವೂ ಒಂದೊಂದು ಆಕ್ಸಿಲರೇಟರ್ ಕೇಬಲ್ ಹಾಕಿ, ಹ್ಯಾಂಡಲ್ ಅತ್ತ ಇತ್ತ ತಿರುಗಿಸಿ, ಕಿವಿಗೊಟ್ಟು ಕೇಳಿ, ಮುಖ ಸಿಂಡರಿಸಿ ಬಿಚ್ಚಿಡುತ್ತಿದ್ದರು.

ಅನುಮಾನ ಅವರಿಗೆ ಹುಟ್ಟುಗುಣ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬ್ರೇಕು ನೋಡುವ ಕೆಲಸ. ಡ್ರೈವರು "ಎಲ್ಲ ಸರಿಯಿದೆ" ಅಂದರೆ ಸಾಕು, ಬಸ್ಸಿನಡಿ ನುಸುಳುತ್ತಿದ್ದರಂತೆ. "ಸಾರಿಗೆ ಉಪ್ಪು ಹಾಕಿದೀನಿ ಅಂದ್ರೂ ನಂಬಲ್ಲ ಇವರು, ನೆಕ್ಕೇ ನೋಡ್ಬೇಕು," ಎನ್ನುತ್ತಿದ್ದರು ಅವರ ಹೆಂಡತಿ. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದರಿಂದ ಬೀದಿಗೆಲ್ಲ ಅವರು ಡಬ್ಬಿ ತಾತ.

ಆ ಡಬ್ಬಿಗಳ ಮೇಲೇ ತಮ್ಮನ ಕಣ್ಣು. ಬೆಳಿಗ್ಗೆಯಷ್ಟೇ ಫೋನು ಮಾಡಿ ರೇಗಿದ್ದ. "ಮುದುಕ ಟೋಪಿ ಹಾಕ್ತಿದಾನೆ ಅಕ್ಕಾ. ನನ್ನ ಒಳ್ಳೊಳ್ಳೆ ಪಾರ್ಟೆಲ್ಲ ಆ ಡಬ್ಬಿಗೇ ಹೋಗ್ತಿವೆ. ನಾಳೆ ಗಾಡಿ ತಂದೇ ಬಿಡ್ತೀನಿ. ಪುಟ್ಟಿನ ಮುಂದೆ ಕೂರಿಸ್ಕೊಂಡು ಒಂದು ರೌಂಡು!"

ಅವಳಿಗೂ ಹೌದೆನ್ನಿಸಿತು. ಸೆರಗು ಸಿಕ್ಕಿಸಿಕೊಂಡು ಸೀದಾ ಕೆಳಗಿಳಿದಳು.

"ತಾತಾ, ನಮ್ಮ ತಮ್ಮನ ಹಳೇ ಸಾಮಾನೆಲ್ಲಿ?"

ತಾತನಿಗೆ ಕೋಪ ಬರಲಿಲ್ಲ, ಖುಷಿಯೇ ಆದಂತಿತ್ತು. "ಹಾಗೆ ಕೇಳ್ಬೇಕಮ್ಮ! ಯಾರೂ ಕೇಳೋದೇ ಇಲ್ಲ," ಎಂದು ಬೈಕಿನ ನಂಬರು ಬರೆದಿದ್ದ ಡಬ್ಬಿ ತೆಗೆದು ಪೇಪರಿನ ಮೇಲೆ ಸುರಿದರು. ಹಳೆಯ ಹಿಡಿ, ಕ್ಲ್ಯಾಂಪು, ದಾರದಲ್ಲಿ ಪೋಣಿಸಿದ ಸ್ಕ್ರೂಗಳು. ತಟ್ಟನೆ ಅವರ ಹುಬ್ಬು ಗಂಟಾಯಿತು.

"ಹಳೇ ಕೇಬಲ್ ಎಲ್ಲಿ?"

"ನನ್ನ ಕೇಳ್ತೀರಾ?"

ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ನೋಡುವಂತೆ ನೋಡಿದರು. ಆಮೇಲೆ ತಾತ ಬೈಕಿನತ್ತ ಬಾಗಿ, ಎಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬೊರೇಟರಿನಿಂದ ಹ್ಯಾಂಡಲ್ಲಿನವರೆಗೆ ಬೆರಳಾಡಿಸಿಕೊಂಡು ಬಂದರು.

"ಓಹೋ, ಇಲ್ಲಿದೆ! ನಿನ್ನೆ ನಾನು ಊಟಕ್ಕೆ ಹೋದಾಗ ಯಾರೋ ಡಬ್ಬೀಲಿದ್ದದ್ದನ್ನ ತೆಗೆದು ಮತ್ತೆ ಗಾಡಿಗೇ ಹಾಕಿ ಕೈಚಳಕ ತೋರಿಸಿದಾರೆ."

ನಿನ್ನೆ ಮಧ್ಯಾಹ್ನ ತಮ್ಮ ಅವಳ ಮನೆಯ ಬಚ್ಚಲಲ್ಲಿ ಕಪ್ಪು ಕೈ ತಿಕ್ಕಿ ತಿಕ್ಕಿ ತೊಳೆದದ್ದು ಅವಳಿಗೆ ನೆನಪಾಯಿತು. "ಚೈನಿಗೆ ಎಣ್ಣೆ ಬಿಟ್ಟೆ," ಅಂದಿದ್ದ.

ತಾತ ಎಂಜಿನ್ ಚಾಲೂ ಮಾಡಿದರು. "ಹತ್ತಿ ಕೂತ್ಕೊಳ್ಳಮ್ಮ. ಸ್ಟ್ಯಾಂಡ್ ಹಾಕಿದೆ, ಗಾಡಿ ನ್ಯೂಟ್ರಲ್ಲಲ್ಲಿದೆ. ಆಕ್ಸಿಲರೇಟರ್ ಹಿಡಿ ತಿರುವಬೇಡ, ಬರೀ ಹ್ಯಾಂಡಲನ್ನ ಎಡಕ್ಕೆ ಪೂರ್ತಿ ತಿರುಗಿಸು."

ಅವಳು ತಿರುಗಿಸಿದಳು. ಗೊರಗೊರ ಎನ್ನುತ್ತಿದ್ದ ಎಂಜಿನ್ ತನ್ನಷ್ಟಕ್ಕೆ ತಾನೇ ಅಬ್ಬರಿಸಿತು. ಬೆಚ್ಚಿ ನೇರ ಮಾಡಿದಳು, ಸುಮ್ಮನಾಯಿತು. ಮತ್ತೆ ಎಡಕ್ಕೆ, ಮತ್ತೆ ಅಬ್ಬರ.

"ಹ್ಯಾಂಡಲ್ ಒಂದು ಗಾಡೀದು, ಹಿಡಿ ಇನ್ನೊಂದರದು, ಕಾರ್ಬೊರೇಟರ್ ಮೂರನೇದರದು. ಮೂರು ಮನೆ ಸೊಸೆಯರನ್ನ ಒಂದೇ ಒಲೆ ಮುಂದೆ ಕೂರಿಸಿದಾನೆ ನಿನ್ನ ತಮ್ಮ. ಈ ಎತ್ತರದ ಹ್ಯಾಂಡಲ್ಲಿಗೆ ಹಳೇ ಕೇಬಲ್ ಮೋಟು. ಎಡಕ್ಕೆ ತಿರುಗಿದ್ರೆ ಜಗ್ಗುತ್ತೆ, ಗಾಡಿ ತಾನಾಗೇ ಮುಂದಕ್ಕೆ ನುಗ್ಗುತ್ತೆ. ನನ್ನ ಡಬ್ಬೀಲಿರೋವೆಲ್ಲ ಹಾಕಿ ನೋಡ್ದೆ, ಯಾವುದೂ ಸಾಲ್ದು. ಉದ್ದದ್ದು ಹೇಳಿ ಮಾಡಿಸ್ತಿದೀನಿ, ಬರೋಕೆ ಇನ್ನೂ ನಾಲ್ಕು ದಿನ."

ಆ ಬೀದಿಯಿಂದ ಹೊರಬೀಳಲು ಇರುವುದು ಒಂದೇ ತಿರುವು, ಎಡಕ್ಕೆ. ಪುಟ್ಟಿ ಟ್ಯಾಂಕಿನ ಮೇಲೆ ಕೂತಿರುವುದು ಅವಳ ಕಣ್ಣಮುಂದೆ ಬಂತು. ತಟಕ್ಕನೆ ಇಳಿದಳು.

"ನಾಳೆ ಬೆಳಿಗ್ಗೆ ತಗೊಂಡು ಹೋಗ್ತಾನಂತೆ ತಾತ," ಎಂದಳು ಮೆಲ್ಲಗೆ.

ತಾತ ಎಂಜಿನ್ ಆರಿಸಿದರು. ಬಾಗಿಲಾಚೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿ, ಕೀ ಕಿತ್ತು, ಬಟ್ಟೆಯಲ್ಲಿ ಒರೆಸಿ ಅವಳ ಮುಂದೆ ಹಿಡಿದರು.

"ನನ್ನ ಹತ್ರ ಇದ್ರೆ ಜಗಳ ಆಡಿ ಕಿತ್ಕೊಂಡು ಹೋಗ್ತಾನೆ. ಒಂದು ಉಪಕಾರ ಮಾಡ್ತೀಯೇನಮ್ಮ? ಕೇಬಲ್ ಬರೋವರೆಗೆ ಇದು ನಿನ್ನ ಹತ್ರಾನೇ ಇರ್ಲಿ. ಎಲ್ಲಿಟ್ಟಿದೀಯ ಅಂತ ನನಗೂ ಹೇಳ್ಬೇಡ."