ಜಾಯಿಕಾಯಿಯ ಮೇಲೆ ಹೊರಿಸಿದ ತಪ್ಪು

ಅತ್ತೀ, ಆ ರಾತ್ರಿ ಚಿನ್ನುವನ್ನು ಏಳದ ಹಾಗೆ ಮಲಗಿಸಿದ್ದು ನಿಮ್ಮ ಜಾಯಿಕಾಯಿ ಅಲ್ಲ. ನಾನು. ನೆಗಡಿಯ ಸಿರಪ್ಪು ಕುಡಿಸಿದ್ದೆ — ನಿಮಗೂ ಹೇಳದೆ, ಅಕ್ಕನಿಗೂ ಹೇಳದೆ. ಮೂರು ವರ್ಷವಾಯಿತು.

ನಿಮ್ಮ ಸೊಸೆಗೆ, ಅಂದರೆ ನನ್ನ ಅಕ್ಕನಿಗೆ, ಅಂದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಸಂಜೆಯ ಡ್ಯೂಟಿ. ಭಾವ ಊರಲ್ಲಿರಲಿಲ್ಲ. ಮಲ್ಕಾಜ್‌ಗಿರಿಯ ಮನೆಯಲ್ಲಿ ನೀವು, ನಾನು, ಅಕ್ಕನ ಎರಡು ವರ್ಷದ ಮಗ ಚಿನ್ನು. ಮಧ್ಯಾಹ್ನ ಮಲಗಿರಲಿಲ್ಲ ಅವನು. ಕಣ್ಣುಜ್ಜುತ್ತಾನೆ, ದಿಂಬು ಎಸೆಯುತ್ತಾನೆ, ಎತ್ತಿಕೊಂಡರೆ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಾನೆ — ದಣಿದಷ್ಟೂ ರಚ್ಚೆ. ನೀವು ಸಾಣೆಕಲ್ಲಿನ ಮೇಲೆ ಹಾಲು ಬಿಟ್ಟು, ಜಾಯಿಕಾಯಿಯನ್ನು ಎರಡೇ ಸುತ್ತು ತೇಯ್ದು ನೆಕ್ಕಿಸಿದಿರಿ.

"ತೊಡಿ ಮ್ಯಾಲ ಹಾಕ್ಕೊಂಡು ತಟ್ಟವಾ, ತಾನ ಮಕ್ಕೋತಾನ. ಗಡಿಬಿಡಿ ಮಾಡಬ್ಯಾಡ. ಅವನೇನ್ ನಿನ್ನ ಕಂಪ್ಯೂಟರ್ ಏನ, ಗುಂಡಿ ಒತ್ತಿದ್ರ ಆರಾಕ?" ಎಂದು ನಕ್ಕು, ಪಾತ್ರೆ ತೊಳೆಯಲು ಹೋದಿರಿ.

ಒಂಬತ್ತಕ್ಕೆ ನನಗೆ ಆಫೀಸಿನ ಕರೆಯಿತ್ತು. ಜಾಯಿಕಾಯಿಯಿಂದ ಏನಾಗುತ್ತದೆ, ಅಜ್ಜಿಯರ ನಂಬಿಕೆ — ಓದಿದವಳ ತಲೆಗೆ ಹೊಳೆದದ್ದು ಅಷ್ಟೇ. ಫ್ರಿಜ್ಜಿನ ಮೇಲೆ ಅಕ್ಕನ ನೆಗಡಿಯ ಸಿರಪ್ಪಿತ್ತು. ದೊಡ್ಡವರದು. ಅಳತೆಯ ಮುಚ್ಚಳ ಕಾಣಲಿಲ್ಲ. ಊಟದ ಚಮಚದಲ್ಲಿ ಸುರಿದೆ. ಸ್ವಲ್ಪ ಉಗುಳಿದನೆಂದು ಇನ್ನೊಂದು ಚಮಚ...

ಕರೆ ಮುಗಿಸಿ ಬಂದಾಗ ನೀವು ಅವನ ಅಂಗಾಲು ತಟ್ಟುತ್ತಿದ್ದಿರಿ. "ಚಿನ್ನೂ, ಕಣ್ಣ ತಗಿಯಪಾ..." ಕೈ ಎತ್ತಿದರೆ ಧೊಪ್ಪನೆ ಬೀಳುತ್ತಿತ್ತು. ಉಸಿರು — ಒಂದು ಬಂದ ಮೇಲೆ ಇನ್ನೊಂದು ಬರುವವರೆಗೆ ಎಣಿಸಿದೆ. ಈಗಲೂ, ಯಾರ ಮಗು ಮಲಗಿದ್ದರೂ, ಎಣಿಸುತ್ತೇನೆ.

ಆಸ್ಪತ್ರೆಯ ಡಾಕ್ಟರಿಗೆ ತೆಲುಗು, ನಿಮಗೆ ಕನ್ನಡ ಮಾತ್ರ. ನಡುವೆ ನಾನು. ಮಗುವಿಗೆ ಏನು ಕೊಟ್ಟಿರಿ ಎಂದು ಅವರು ಕೇಳಿದರು. "ಜಾಯಿಕಾಯಿರಿ, ಎರಡ ಸುತ್ತರಿ" ಎಂದು ನೀವು ಹೇಳಿದ್ದನ್ನು ಅಚ್ಚುಕಟ್ಟಾಗಿ ತೆಲುಗಿನಲ್ಲಿ ಒಪ್ಪಿಸಿದೆ. ಬೇರೆ ಔಷಧಿ, ಸಿರಪ್ಪು ಏನಾದರೂ? — ಆ ಪ್ರಶ್ನೆಯನ್ನು ನಿಮಗೆ ತಲುಪಿಸಲೇ ಇಲ್ಲ.

"ಲೇದಂಡಿ" ಎಂದೆ. ಇಲ್ಲ ಎಂದೆ.

ಆ ಉತ್ತರ ನಂಬಿ ಅವರು ತಪ್ಪು ದಾರಿ ಹಿಡಿದಿದ್ದರೆ? ಮಗು ಹೋಗಿಬಿಡಬಹುದಿತ್ತು. ಅದು ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಕ್ಕ ಆಗಷ್ಟೇ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು, ಅದಕ್ಕೆ — ಇಲ್ಲ, ಅದನ್ನು ನೆಪ ಮಾಡಲಾರೆ.

ಬೆಳಗಿನ ಜಾವ ಚಿನ್ನು ಕಣ್ಣು ಬಿಟ್ಟು ಹಾಲು ಕೇಳಿದ. ಹೊರಗೆ ಅಕ್ಕ ನಿಮಗೆ, "ನಿಮ್ಮ ಕೈಯಾಗ ಕೂಸು ಬಿಟ್ಟದ್ದ ನನ್ನ ತಪ್ಪು" ಎಂದಳು. ನೀವು ಸೆರಗು ಬಾಯಿಗೆ ಒತ್ತಿಕೊಂಡಿರಿ. ನಾನು ಪಕ್ಕದಲ್ಲೇ ಇದ್ದೆ.

ಅಂದಿನಿಂದ ನೀವು ಅವನನ್ನು ಮಲಗಿಸಿಲ್ಲ. ಐದು ವರ್ಷದವನು ಈಗಲೂ ನಿದ್ದೆ ಬಂದಾಗ ನಿಮ್ಮ ತೊಡೆಯನ್ನೇ ಹುಡುಕಿ ಬರುತ್ತಾನೆ. "ನಿಮ್ಮವ್ವನ ಕಡೆ ಹೋಗಪಾ" ಎಂದು ಎದ್ದುಬಿಡುತ್ತೀರಿ. ನಿಮ್ಮ ಕೈಗೆ ನೀವೇ ಹೆದರುತ್ತೀರಿ, ಅತ್ತೀ. ಆ ಹೆದರಿಕೆ ನನ್ನದಾಗಬೇಕಿತ್ತು.

ಭಾನುವಾರ ಅಕ್ಕ ಮನೆಯಲ್ಲಿರುತ್ತಾಳೆ. ಅವಳ ಎದುರಿಗೇ ಈ ಪತ್ರವನ್ನು ನಿಮಗೆ ಓದಿ ಹೇಳುತ್ತೇನೆ. ಆಮೇಲೆ ಅವಳು ನನಗೆ ಏನನ್ನುತ್ತಾಳೋ — ಅದನ್ನು ನೀವೂ ಕೂತು ಕೇಳಬೇಕು.