ಡಾಕ್ಟರ ದನಿಯಲ್ಲಿ ಕೇಳಿದ ಹತ್ತು ಮಾತ್ರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡಾಕ್ಟರ ದನಿ ಮಾಡಿ ಮೆಡಿಕಲ್ ಶಾಪಿಗೆ ಫೋನಾಯಿಸಿ ಹತ್ತು ನಿದ್ದೆ ಮಾತ್ರೆ ಕೇಳಿದ ಮಹಾನುಭಾವ ನಾನೇ. ಅದೂ ನನ್ನ ಸ್ವಂತ ನಂಬರಿನಿಂದ. ಕಳ್ಳನೊಬ್ಬ ಬೀಗ ಒಡೆದು, ಬಾಗಿಲ ಮೇಲೆ ತನ್ನ ವಿಳಾಸ ಬರೆದಿಟ್ಟು ಹೋದ ಹಾಗೆ.

ಮರೆತೇಹೋಗಿದ್ದ ಈ ಅವಮಾನ ಮೊನ್ನೆ ಶಿವಮೊಗ್ಗದ ಒಂದು ಔಷಧಿ ಅಂಗಡಿಯ ಮುಂದೆ ಎದ್ದು ಕೂತಿತು. ಕೆಮ್ಮಿಗೆ ಏನೋ ತರಲು ಹೋಗಿದ್ದೆ. ಸ್ಪಿರಿಟ್ಟು, ನೋವಿನ ಮುಲಾಮು, ರಟ್ಟಿನ ಡಬ್ಬ ಎಲ್ಲ ಕಲೆತ ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಕರಕ್ಕನೆ ಕತ್ತರಿಸಿ, ಕಂದು ಕವರಿಗೆ ಹಾಕಿ ಕೊಟ್ಟರು. ಕವರು ಸಲೀಸಾಗಿ ಕೈಗೆ ಬಂತು. ಅಷ್ಟು ಸಲೀಸಾಗಿ ಬಂದದ್ದಕ್ಕೇ ಮನಸ್ಸು ಪಿಚ್ಚೆಂದಿತು... ಭದ್ರಾವತಿಯ ನಮ್ಮ ಬೀದಿಯಲ್ಲಿ ಮೆಡಿಕಲ್ ಇಟ್ಟುಕೊಂಡಿದ್ದ ಅಕ್ಕನ ಕೈಯಿಂದ ಕವರು ಎಂದೂ ಹಾಗೆ ಬರುತ್ತಿರಲಿಲ್ಲ.

ಬೀದಿಯ ಮುದುಕರಿಗೂ ಆಕೆ ಅಕ್ಕನೇ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರಾದ್ದರಿಂದ ತಮಿಳರಿಗೆ ತಮಿಳಿನಲ್ಲಿ, ತೆಲುಗರಿಗೆ ತೆಲುಗಿನಲ್ಲಿ, ನಮಗೆ ಕನ್ನಡದಲ್ಲಿ ಬೈಯುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಮಾತ್ರೆಯ ಕವರನ್ನು ಗಿರಾಕಿಯತ್ತ ಚಾಚುತ್ತಿದ್ದರು, ಆದರೆ ಇನ್ನೊಂದು ತುದಿಯನ್ನು ಬಿಡುತ್ತಿರಲಿಲ್ಲ. "ಎಷ್ಟು ಹೊತ್ತಿಗೆ? ಎಷ್ಟು? ಎಷ್ಟು ದಿನ? ಹೇಳು ನೋಡಾಣ." ಮೂರಕ್ಕೂ ಸರಿಯಾದ ಉತ್ತರ ಬಂದಮೇಲೆಯೇ ಅವರ ಬೆರಳು ಸಡಿಲವಾಗುವುದು. ತಲೆನೋವಿಗೆಂದು ಬಂದ ದೊಡ್ಡ ದೊಡ್ಡ ಮನುಷ್ಯರೂ ಕವರಿನ ಒಂದು ತುದಿ ಹಿಡಿದು, ಮಗ್ಗಿ ಒಪ್ಪಿಸುವವರಂತೆ ನಿಂತದ್ದನ್ನು ನಾನು ನೋಡಿದ್ದೇನೆ. ನೋಡಿ, ಆ ನೋಟವನ್ನೇ ಐಟಂ ಮಾಡಿ ನಾಲ್ಕು ಮದುವೆಗಳಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ.

ಮಿಮಿಕ್ರಿ ನನ್ನ ಅರ್ಧ ಹೊಟ್ಟೆಪಾಡು. ಉಳಿದರ್ಧಕ್ಕೆ ಶಿವಮೊಗ್ಗದ ಬೈಕ್ ಶೋರೂಮಿನಲ್ಲಿ ಕೆಲಸ. ನಾಲ್ಕು ವರ್ಷದ ಹಿಂದೆ ಹಾಗೆ ಕೆಲಸದಿಂದ ಮರಳುವಾಗ ಮಲವಗೊಪ್ಪದ ಹತ್ತಿರ ನಾಯಿಯೊಂದನ್ನು ತಪ್ಪಿಸಲು ಹೋಗಿ ಬಿದ್ದೆ. ನಾಯಿಗೆ ಏನೂ ಆಗಲಿಲ್ಲ. ನನ್ನ ಹೆಗಲ ಮೂಳೆ ಮುರಿಯಿತು. ಬೈಕ್ ಮಾರುವವನೇ ಬೈಕಿನಿಂದ ಬಿದ್ದನೆಂದು ಶೋರೂಮಿನವರು ವಾರಗಟ್ಟಲೆ ನಕ್ಕರು. ನೋವಿಗಿಂತ ಹೆಚ್ಚು ಕಾಡಿದ್ದು ಹೆದರಿಕೆ. ಕಣ್ಣು ಮುಚ್ಚಿದರೆ ಮತ್ತೆ ಬೀಳುತ್ತಿದ್ದೆ. ಶಿವಮೊಗ್ಗದ ಡಾಕ್ಟರು ನಿದ್ದೆಗೊಂದು ಮಾತ್ರೆ ಬರೆದು, "ಮೂರು ವಾರಕ್ಕೆ ಮಾತ್ರ. ಮುಗೀತಿದ್ದಂಗೆ ಬಂದು ನನ್ನ ನೋಡಿ" ಎಂದರು. ಮನೆಗೆ ಬಂದವನೇ ಅವರು ಗಂಟಲು ಸರಿಮಾಡಿಕೊಂಡು ಮಾತಾಡುವ ರೀತಿಯನ್ನು ಅಮ್ಮನಿಗೆ ಮಾಡಿ ತೋರಿಸಿ ನಗಿಸಿದೆ. ಅವರು ಹೇಳಿದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಕ್ಕನ ಅಂಗಡಿಯಿಂದ ತಂದ ಮಾತ್ರೆಗೆ ನಿದ್ದೆಯೇನೋ ಬಂತು. ಆದರೆ ಬೆಳಿಗ್ಗೆ ತಲೆ ನೆನೆದ ಹತ್ತಿಯ ಹಾಗೆ ಭಾರ, ನಾಲಿಗೆ ಒಂದು ಹೆಜ್ಜೆ ಹಿಂದೆ. ಸ್ನಾನ ಬೇಡವೆಂದು ಹಟ ಹಿಡಿದ ಸಕ್ರೆಬೈಲಿನ ಆನೆಗೂ ಅದರ ಮಾವುತನಿಗೂ ಜಗಳ ಆಗುವುದು ನನ್ನ ಹೆಸರುವಾಸಿ ಐಟಂ. ಒಂದು ನಾಮಕರಣದಲ್ಲಿ ಕೈಗೆ ಜೋಲಿ ಕಟ್ಟಿಕೊಂಡೇ ಅದನ್ನು ಮಾಡಲು ಹೋದೆ. ಮಾವುತನ ಮಾತನ್ನು ಆನೆ ಹೇಳಿತು, ಆನೆಯ ಘೀಳನ್ನು ಮಾವುತ ಹಾಕಿದ. ತೊಟ್ಟಿಲಲ್ಲಿದ್ದ ಮಗುವೊಂದನ್ನು ಬಿಟ್ಟು ಬೇರೆ ಯಾರೂ ಬಾಯಿ ತೆರೆಯಲಿಲ್ಲ. ಅದೂ ಅತ್ತಿತು. ಮಾತ್ರೆ ಹೀಗೇ ಮುಂದುವರಿದರೆ ನನ್ನ ಕಸುಬು ಮುಗಿದಂತೆ ಎಂದು ಅಂದು ನಿಜಕ್ಕೂ ಹೆದರಿದೆ.

ಮೂರು ವಾರಕ್ಕೆ ಮಾತ್ರೆ ಮುಗಿಯಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ಮಾತ್ರೆ ಬಿಡುವುದಕ್ಕೂ ಡಾಕ್ಟರು ಬೇಕೇ ಎಂಬ ಸೊಕ್ಕು. ಒಂದೇ ಏಟಿಗೆ ಬಿಟ್ಟೆ. ಮೂರು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಹಗಲು ಕಾಫಿ ಲೋಟ ಹಿಡಿದರೆ ಕೈ ನಡುಗುವುದು, ಸುಮ್ಮನೆ ಕೂತರೂ ಎದೆ ಢವಢವ. ಮಾತ್ರೆ ತಿಂದರೆ ನಾಲಿಗೆ ಹೋಗುತ್ತದೆ, ಬಿಟ್ಟರೆ ನಿದ್ದೆ ಹೋಗುತ್ತದೆ. ನನಗೆ ಚಟ ಹತ್ತಿದೆ, ಇನ್ನು ಜೀವಮಾನವಿಡೀ ಇದರ ಗುಲಾಮ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಇದನ್ನು ಯಾರಿಗೆ ಹೇಳುವುದು? ಊರನ್ನೆಲ್ಲ ಗೇಲಿ ಮಾಡಿದವನಿಗೆ ಗೇಲಿಯ ಭಯ ಎಲ್ಲರಿಗಿಂತ ಜಾಸ್ತಿ.

ಆಗ ಹೊಳೆದದ್ದೇ ಆ ಫೋನು. ಗಂಟಲು ಸರಿಮಾಡಿಕೊಂಡು, ಡಾಕ್ಟರೇ ತಲೆದೂಗುವಂಥ ದನಿಯಲ್ಲಿ ಹೇಳಿದೆ: "ನೋಡೀಮ್ಮ, ನಮ್ಮ ಪೇಷಂಟ್ ಒಬ್ಬರು ಬರ್ತಾರೆ. ಬಹಳ ಒಳ್ಳೆ ಹುಡುಗ. ದಯವಿಟ್ಟು ಅವರಿಗೆ ಅದೇ ಮಾತ್ರೆ ಇನ್ನು ಹತ್ತು ಕೊಟ್ಬಿಡಿ. ಚೀಟಿ ನಾನು ಆಮೇಲೆ ಕಳಿಸ್ತೀನಿ."

"ಆಯ್ತು ಸಾರ್, ಕಳ್ಸಿ" ಎಂದರು ಅಕ್ಕ.

ಗೆದ್ದೆ ಎಂದುಕೊಂಡು ಅಂಗಡಿಗೆ ಹೋದೆ. ಅಕ್ಕ ಮಾತ್ರೆ ತೆಗೆಯಲಿಲ್ಲ. ತಮ್ಮ ಫೋನನ್ನು ತೆಗೆದು ನನ್ನ ಮುಖಕ್ಕೆ ಹಿಡಿದರು. ಬಂದ ಕರೆಯ ಮೇಲೆ ಹೆಸರಿತ್ತು: ಬಿಪಿ ಮಾತ್ರೆ ಮಗ. ಅಮ್ಮನ ಬಿಪಿ ಮಾತ್ರೆಗೆ ತಿಂಗಳು ತಿಂಗಳು ನಾನೇ ಫೋನ್ ಮಾಡುತ್ತಿದ್ದೆನಲ್ಲ...

"ನಂಬರ್ ನೋಡ್ದಿದ್ರೂ ಗೊತ್ತಾಗ್ತಿತ್ತು ಬಿಡು," ಎಂದರು. "ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಿ. ಯಾವ ಡಾಕ್ಟ್ರೂ ನಂಗೆ ದಯವಿಟ್ಟು ಅಂದಿಲ್ಲ. ಯಾವ ಪೇಷಂಟನ್ನೂ ಒಳ್ಳೆ ಹುಡುಗ ಅಂದಿಲ್ಲ."

ನಾನು ನಗಲು ನೋಡಿದೆ. ಅಭ್ಯಾಸಬಲದಿಂದ ಮೊದಲು ಮಾವುತನ ದನಿಯಲ್ಲಿ ಏನೋ ಅಂದೆ, ಆಮೇಲೆ ಅಕ್ಕನ ದನಿಯಲ್ಲೇ. ಅವರು ನಗಲಿಲ್ಲ. ಕೌಂಟರಿನ ಹಲಗೆ ಎತ್ತಿ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. "ಅದೆಲ್ಲ ಮದ್ವೆ ಮನೇಲಿ ಮಾಡು. ಇಲ್ಲಿ ನಿನ್ ದನೀಲಿ ಹೇಳು. ಏನಾಗಿದೆ?"

ಹೇಳಬೇಕೆಂದರೆ ನನ್ನ ದನಿ ಯಾವುದೆಂದು ಹುಡುಕಬೇಕಾಯಿತು. ಸಿಕ್ಕಾಗ ಅದು ತೀರಾ ಸಣ್ಣಗಿತ್ತು. "ಹೆದ್ರಿಕೆ ಆಗ್ತಿದೆ ಅಕ್ಕ," ಎಂದೆ. ಮೂರು ರಾತ್ರಿಯ ಕಥೆ, ಕೈನಡುಕ, ಎದೆಬಡಿತ, ನಾಮಕರಣದಲ್ಲಿ ಹೋದ ಮರ್ಯಾದೆ, ಎಲ್ಲ ಹೊರಗೆ ಬಂತು. ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದರು. ಅಕ್ಕ ಅವರಿಗೆ ತಮಿಳಿನಲ್ಲಿ ಐದು ನಿಮಿಷ ಕಾಯಲು ಹೇಳಿ, ನನ್ನ ಪೂರ್ತಿ ಮಾತು ಕೇಳಿದರು. ನಂತರ ಡಾಕ್ಟರಿಗೆ ಫೋನ್ ಮಾಡಿ, ಫೋನನ್ನು ನನ್ನ ಕಿವಿಗೆ ಒತ್ತಿದರು. ನಿಜವಾದ ಡಾಕ್ಟರ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿ ನನಗೆ ಬೆವರೊಡೆಯಿತು.

ಅಂದೇ ಬರಲು ಹೇಳಿದರು. ಬಸ್ಸಿನಲ್ಲಿ ಹೋದೆ. ನಾನು ಹೆದರಿದ ಯಾವುದೂ ಅಲ್ಲಿ ನಡೆಯಲಿಲ್ಲ. ದಿಢೀರನೆ ನಿಲ್ಲಿಸಿದರೆ ಕೆಲವು ದಿನ ನಿದ್ದೆ ಮೊದಲಿಗಿಂತಲೂ ಕೆಡುವುದುಂಟು, ಮೈ ಗಲಾಟೆ ಮಾಡುವುದುಂಟು, ಅಷ್ಟಕ್ಕೇ ಮಾತ್ರೆ ಜೀವಮಾನಕ್ಕೆ ಬೇಕೆಂದು ತಿಳಿಯಬಾರದು ಎಂದರು. ಇಳಿಯಬೇಕಾದ್ದು ಮೆಟ್ಟಿಲು ಮೆಟ್ಟಿಲಾಗಿ, ನಾನು ಮಹಡಿಯಿಂದ ಹಾರಿದ್ದೆ, ಅಷ್ಟೇ. ಕಡಿಮೆ ಪವರಿನ ಮಾತ್ರೆ ಬರೆದರು. ಒಂದು ವಾರ ಇಡೀ ಮಾತ್ರೆ, ಮುಂದಿನ ವಾರ ಅರ್ಧ, ಆಮೇಲೆ ಬಂದ್. ಬಿಯರ್ ಮುಟ್ಟುವ ಹಾಗಿಲ್ಲ, ಅಲ್ಲಿಯವರೆಗೆ ಬೈಕ್ ಏರುವ ಹಾಗಿಲ್ಲ. ನಡುಕ ಹೆಚ್ಚಿದರೆ, ತಲೆ ಗೊಂದಲವಾದರೆ ಸೀದಾ ಆಸ್ಪತ್ರೆಗೆ. "ಈ ಲೆಕ್ಕ ನಿಮಗೆ ಹಾಕಿದ್ದು. ಪಕ್ಕದ ಮನೆಯವ್ರಿಗೆ ಹಂಚಬೇಡಿ," ಎಂದೂ ಸೇರಿಸಿದರು.

ಅಕ್ಕ ಒಂದು ಸಲಕ್ಕೆ ಒಂದು ವಾರದ್ದನ್ನು ಮಾತ್ರ ಕೊಟ್ಟರು. ಕವರಿನ ತುದಿ ಹಿಡಿದು ನಾನೂ ಮಗ್ಗಿ ಒಪ್ಪಿಸಿದೆ, ನನ್ನದೇ ದನಿಯಲ್ಲಿ. ಎರಡನೇ ವಾರ ಮಧ್ಯದಲ್ಲಿ ಗೆರೆಯಿದ್ದ ಮಾತ್ರೆಗಳನ್ನು ತಾವೇ ಅರ್ಧ ಮಾಡಿ ಹಾಕಿಕೊಟ್ಟರು. ಅಂಗಡಿಯ ಮುಂದೆ ಹಾದಾಗಲೆಲ್ಲ ಗಿರಾಕಿಗಳ ತಲೆಯ ಮೇಲಿಂದ "ಏನೋ, ಮಲಗಿದ್ಯಾ?" ಎಂದು ಕೂಗುವರು. ಎಷ್ಟು ಗಂಟೆ ನಿದ್ದೆಯೆಂದು ನಾನು ಬೆರಳಲ್ಲಿ ತೋರಿಸುವೆ. ಮೂರು. ಮತ್ತೆ ಮೂರು. ನಾಲ್ಕೂವರೆ. ಒಂದು ದಿನ ಮತ್ತೆ ಎರಡಕ್ಕಿಳಿದಾಗ ನನ್ನ ಮುಖ ನೋಡಿ, "ಅಂಗಡೀಲಿ ಒಂದಿನ ವ್ಯಾಪಾರ ಇರಲ್ಲ. ಅಷ್ಟಕ್ಕೇ ಷಟರ್ ಎಳ್ಕೊಂಡು ಹೋಗ್ತೀನಾ?" ಎಂದರು. ಆ ಮಾತು ಅರ್ಧ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ತಿಂಗಳು ಕಳೆಯುವುದರೊಳಗೆ ಆನೆ ಆನೆಯಾಗಿ, ಮಾವುತ ಮಾವುತನಾಗಿ ಮರಳಿದರು.

ಅಕ್ಕ ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ ನಾನು ರಾಗಿಗುಡ್ಡದಲ್ಲೊಂದು ಗೃಹಪ್ರವೇಶದ ಮೈಕ್ ಹಿಡಿದಿದ್ದೆ. ಕಾರ್ಯಕ್ರಮ ಮುಗಿಸಿಯೇ ಹೋದೆ. ಅರ್ಧಕ್ಕೆ ಬಿಟ್ಟು ಹೋಗಿದ್ದರೆ ಅವರೇ ಬೈಯುತ್ತಿದ್ದರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವರ ದನಿಯನ್ನು ನಾನು ಈಗಲೂ ಮಾಡಬಲ್ಲೆ, ಮಾಡಿದರೆ ಬೀದಿಯವರ ಕಣ್ಣು ತುಂಬುತ್ತದೆ... ಅದಕ್ಕೇ ಆ ಐಟಂ ಬಿಟ್ಟಿದ್ದೇನೆ. ಆ ಜಾಗದಲ್ಲಿ ನಿಂತರೆ ಬೇಜಾರಾಗುತ್ತದೆ, ನಿಜ. ಆದರೆ ಎದೆ ಹಗುರವೂ ಆಗುತ್ತದೆ. ಆ ಹತ್ತು ಮಾತ್ರೆಯನ್ನು ಬೇರೆ ಯಾರಾದರೂ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಗೊತ್ತು.

ಮಾತ್ರೆಯ ಆ ವ್ಯವಹಾರ ಮುಗಿದ ದಿನದ್ದೊಂದು ಬಾಕಿ ಇದೆ. ಕೊನೆಯ ವಾರದ ಎರಡು ಅರ್ಧಗಳನ್ನು ನಾನು ನುಂಗಿರಲೇ ಇಲ್ಲ. ತೆಗೆದುಕೊಳ್ಳುವುದನ್ನು ಮರೆತು ಮಲಗಿಬಿಟ್ಟಿದ್ದೆ. ಅದನ್ನು ಹೇಳಲು ಕುಣಿಯುತ್ತ ಅಂಗಡಿಗೆ ಹೋದೆ. ಅಕ್ಕ ಕೈ ಚಾಚಿ, ಉಳಿದದ್ದನ್ನು ಕೊಡು ಎಂದರು. ನಾನು ಅವನ್ನಿಟ್ಟಿದ್ದ ಪರ್ಸನ್ನು ಗಟ್ಟಿಯಾಗಿ ಹಿಡಿದು, ಇರಲಿ ಅಕ್ಕ, ಧೈರ್ಯಕ್ಕೆ ಇಟ್ಕೊಳ್ತೀನಿ, ಯಾವತ್ತಾದ್ರೂ ಬೇಕಾಗ್ಬಹುದು ಎಂದೆ. ಅಕ್ಕ ಗೋಡೆಯ ಗಡಿಯಾರ ನೋಡಿದರು, ಹಾಸಿಗೆಯಿಂದ ಎದ್ದ ಹಾಗೇ ಬಂದಿದ್ದ ನನ್ನ ಕೆದರಿದ ತಲೆ ನೋಡಿದರು, ಚಾಚಿದ ಕೈ ಹಾಗೇ ಇತ್ತು.

"ಹತ್ತೂವರೆಗೆ ಎದ್ದು ಬಂದಿದೀಯ. ನಿಂಗೀಗ ಬೇಕಾಗಿರೋದು ಅಲಾರಂ ಮಾರಾಯ, ತೆಗಿ ಅದನ್ನ."